ಒಂಬತ್ತು ವರ್ಷದ ಓದುಗಿ

"ರೀ... ಆ ಕಾರ್ಡು ಬಿಡಿ!"

ಅವಳ ದನಿ ಗ್ರಂಥಾಲಯದ ಇಡೀ ಮಕ್ಕಳ ವಿಭಾಗಕ್ಕೆ ಕೇಳಿಸಿತು. ಮೂಲೆಯಲ್ಲಿ ಚಿತ್ರದ ಪುಸ್ತಕ ಮಗುಚುತ್ತಿದ್ದ ಇಬ್ಬರು ಪುಟ್ಟ ಹುಡುಗಿಯರು ತಲೆಯೆತ್ತಿ ಕಣ್ಣು ಕಣ್ಣು ಬಿಟ್ಟರು. ಇಡೀ ದಿನ ಎಲ್ಲರ ಬಾಯಿ ಮುಚ್ಚಿಸುತ್ತಾ ಓಡಾಡುವ 'ಉಶ್ ಅಕ್ಕ' ಹೀಗೆ ಕೂಗಿದ್ದನ್ನು ಅವರು ಯಾವತ್ತೂ ಕೇಳಿರಲಿಲ್ಲ.

ಬೋರ್ಡಿನ ಮುಂದೆ ನಿಂತಿದ್ದವನು ತಿರುಗಿದ. ನಲವತ್ತರ ಆಸುಪಾಸು. ಇಸ್ತ್ರಿ ಕಾಣದ ಅಂಗಿ, ಹೆಗಲಲ್ಲಿ ಚೀಲ, ಕೈಯಲ್ಲಿ ಅಂಗೈಯಗಲದ ಹಳದಿ ಕಾರ್ಡು.

"ಓದ್ತಾ ಇದ್ದೆ, ಅಷ್ಟೇ..."

"ಓದೋಕೆ ಕಣ್ಣು ಸಾಕು, ಕೈ ಯಾಕೆ? ಅದು ಮಕ್ಕಳು ಬರೆದಿದ್ದು. ಪಿನ್ನಿಂದ ತೆಗೀಬಾರ್ದು."

ಅವನು ಕಾರ್ಡು ವಾಪಸ್ ಕೊಡಲಿಲ್ಲ. ಇನ್ನೊಂದು ಸಲ ಓದಿದ. ಜೋರಾಗಿಯೇ ಓದಿದ.

"'ಈ ಪುಸ್ತಕ ಚೆನ್ನಾಗಿದೆ. ಆದರೆ ಕೊನೇ ಪುಟದಲ್ಲಿ ಎಲ್ಲರೂ ಓಡಿ ಬಂದು ಹುಡುಗೀನ ತಬ್ಬಿಕೊಳ್ತಾರೆ. ಅಷ್ಟು ಹೊತ್ತು ಅವರೆಲ್ಲ ಎಲ್ಲಿ ಹೋಗಿದ್ರು? ಓದುಗಿ, 9 ವರ್ಷ.'"

ಓದಿ ಮುಗಿಸಿ ಅವಳ ಮುಖ ನೋಡಿದ.

"ಈ ಮಗು ಯಾರು?"

"ಯಾಕೆ?"

"ಪುಸ್ತಕ ನಂದು. ಇವತ್ತು ನಾಲ್ಕು ಗಂಟೆಗೆ ಲೇಖಕರ ಜೊತೆ ಮಾತುಕತೆ ಅಂತ ಹಾಕಿದ್ದೀರಲ್ಲ... ಅದು ನಾನೇ."

ಅವಳ ಎದೆ ಧಸಕ್ಕೆಂದಿತು. ಅತಿಥಿಯ ಮೇಲೆ ರೇಗಿದ್ದಕ್ಕಲ್ಲ. ಆ ಕಾರ್ಡು ಯಾವ ಮಗುವೂ ಬರೆದಿದ್ದಲ್ಲ. ಬರೆದವಳು ಅವಳೇ!

ಆ ಗ್ರಂಥಾಲಯದಲ್ಲೊಂದು ಪದ್ಧತಿ. ಬಾಗಿಲ ಪಕ್ಕದ ಬೋರ್ಡಿಗೆ 'ಈ ತಿಂಗಳ ನಮ್ಮ ಆಯ್ಕೆ' ಅಂತ ಹೆಸರು. ಹನ್ನೆರಡು ಪಿನ್ನು, ಹನ್ನೆರಡು ಹಳದಿ ಕಾರ್ಡು. ಮಕ್ಕಳು ತಮಗಿಷ್ಟವಾದ ಪುಸ್ತಕದ ಬಗ್ಗೆ ಎರಡು ಸಾಲು ಬರೆಯಬೇಕು. ಹೆಸರು ಹಾಕುವಂತಿಲ್ಲ, ವಯಸ್ಸು ಮಾತ್ರ. ತಿಂಗಳ ಮೊದಲ ಶನಿವಾರ ಹಳೆಯದನ್ನು ತೆಗೆದು ಹೊಸದು ಸಿಕ್ಕಿಸುವುದು.

ಹೇಳುವುದಕ್ಕೇನೋ ಚೆಂದ. ಮಕ್ಕಳು ಓದು ಅಂದರೆ ಓದುತ್ತಾರೆ, ಬರೆ ಅಂದರೆ ಕಾಲು ಕೀಳುತ್ತಾರೆ. ಬರೆದವರೂ 'ಸೂಪರ್' ಅಂತ ಗೀಚಿ ಕೆಳಗೊಂದು ನಾಯಿ ಬಿಡಿಸುತ್ತಾರೆ, ಪುಸ್ತಕದಲ್ಲಿ ನಾಯಿ ಇರಲಿ ಬಿಡಲಿ.

ಖಾಲಿ ಪಿನ್ನು ನೋಡಿದರೆ ಅವಳಿಗೆ ಸಂಕಟ. ಎಂಟು ವರ್ಷದ ಹಿಂದೆ ಒಂದು ದಿನ ಎಡಗೈಯಲ್ಲಿ ಪೆನ್ಸಿಲ್ ಹಿಡಿದು, ಸೊಟ್ಟಸೊಟ್ಟಗೆ ಎರಡು ಸಾಲು ಬರೆದು, ಕೆಳಗೆ '9 ವರ್ಷ' ಅಂತ ಹಾಕಿ ಸಿಕ್ಕಿಸಿದ್ದಳು. ಇದೊಂದೇ ಸಲ ಅಂದುಕೊಂಡಿದ್ದಳು. ಎಂಟು ವರ್ಷ ಕಳೆದರೂ ಆ ಮಗುವಿಗೆ ಒಂಬತ್ತು ದಾಟಲಿಲ್ಲ.

ನಿಜ ಹೇಳಬೇಕೆಂದರೆ, ಬರೆಯುತ್ತಾ ಬರೆಯುತ್ತಾ ಅವಳಿಗೆ ರುಚಿ ಹತ್ತಿತ್ತು. ಮೂವತ್ನಾಲ್ಕು ವರ್ಷದ ಹೆಂಗಸು 'ನನಗೆ ಯಾರೂ ಇಲ್ಲ' ಅಂದರೆ ಜನ ಮುಖ ತಿರುಗಿಸುತ್ತಾರೆ, ಇಲ್ಲ ಬುದ್ಧಿ ಹೇಳುತ್ತಾರೆ. ಒಂಬತ್ತು ವರ್ಷದ ಮಗು ಅದನ್ನೇ ಹೇಳಿದರೆ, ನಿಂತು ಓದುತ್ತಾರೆ.

"ಯಾರು ಅಂತ ಹೇಳೋ ಹಾಗಿಲ್ಲ," ಅಂದಳು ಕೊನೆಗೆ. "ಇಲ್ಲಿನ ನಿಯಮ."

"ಇವತ್ತು ಬರ್ತಾಳಾ?"

"ಯಾವಾಗ ಬರ್ತಾಳೋ... ಗೊತ್ತಿಲ್ಲ."

ನಲವತ್ತು ಕುರ್ಚಿ ಹಾಕಿಸಿದ್ದ ಆ ಕಾರ್ಯಕ್ರಮಕ್ಕೆ ಬಂದಿದ್ದು ಏಳು ಮಕ್ಕಳು. ಅದರಲ್ಲಿ ಮೂವರು ಬಂದಿದ್ದು ಬಿಸ್ಕತ್ತಿಗೆ. ಅವಳಿಗೆ ಅವಮಾನದಿಂದ ನೆಲ ಬಾಯಿಬಿಡಬಾರದೇ ಅನ್ನಿಸಿತು. ಅವನೋ, ಖಾಲಿ ಕುರ್ಚಿಗಳ ಕಡೆ ನೋಡಲೇ ಇಲ್ಲ. ನೆಲದ ಮೇಲೆ ಚಕ್ಕಳಮಕ್ಕಳ ಹಾಕಿ ಕೂತು, ಏಳು ಮಕ್ಕಳನ್ನೂ ಸುತ್ತ ಕೂರಿಸಿಕೊಂಡು ಒಂದೂವರೆ ಗಂಟೆ ಕಥೆ ಹೇಳಿದ. ಹೇಳುವಾಗ ಆಗಾಗ ಬಾಗಿಲ ಕಡೆ ನೋಡುತ್ತಿದ್ದ.

'ಬರದೇ ಇರೋ ಮಗೂನ ಕಾಯ್ತಾ ಇದ್ದಾನೆ... ದೇವರೇ!'

ಹೊರಡುವಾಗ ಒಂದು ಕಾರ್ಡು ಕೇಳಿ ಪಡೆದು, ನಿಂತಲ್ಲೇ ಬರೆದು, ಅವಳ ಕಾರ್ಡಿನ ಕೆಳಗೇ ಸಿಕ್ಕಿಸಿದ. 'ಒಂಬತ್ತು ವರ್ಷದ ಓದುಗಿಗೆ. ನೀನು ಕೇಳಿದ್ದು ಸರಿ. ಅವರೆಲ್ಲ ಎಲ್ಲಿ ಹೋಗಿದ್ದರು ಅಂತ ನಾನೂ ಯೋಚಿಸಿರಲಿಲ್ಲ. ಯೋಚಿಸಿ ಹೇಳುತ್ತೇನೆ.'

ಎಲ್ಲರೂ ಹೋದ ಮೇಲೆ ಅವಳು ಅದನ್ನು ಓದಿದಳು. ಅವಳು ಬರೆದಿದ್ದಕ್ಕೆ ಯಾರೋ ಉತ್ತರ ಬರೆದಿದ್ದು ಅದೇ ಮೊದಲು. ನಲವತ್ತು ಕುರ್ಚಿಗಳನ್ನು ಒಂದರ ಮೇಲೊಂದು ಪೇರಿಸುತ್ತಾ, ಕಣ್ಣೊರೆಸಿಕೊಂಡಳು.

ಮನೆಯಲ್ಲಿ ಅಕ್ಕ, ಭಾವ, ಅವರ ಇಬ್ಬರು ಮಕ್ಕಳು. ಅವಳದೇ ಅಂತ ಒಂದು ಕೋಣೆ ಇತ್ತು, ಅದರಲ್ಲಿ ಇಸ್ತ್ರಿ ಮೇಜೂ ಇತ್ತು, ಅತಿಥಿಗಳು ಬಂದರೆ ಹಾಸುವ ಹಾಸಿಗೆಗಳ ರಾಶಿಯೂ ಇತ್ತು. ಯಾರಿಗೆ ಏನು ಬೇಕಾದರೂ ಬಾಗಿಲು ತಟ್ಟದೆ ಬರುತ್ತಿದ್ದರು. ಕೆಟ್ಟವರೇನಲ್ಲ. ಅವರು ಪ್ರವಾಸಕ್ಕೆ ಹೊರಟರೆ ಅಕ್ಕ ಪ್ರೀತಿಯಿಂದಲೇ ಹೇಳುತ್ತಿದ್ದಳು, "ನೀನಿದ್ದೀಯಲ್ಲ, ಮನೆ ಚಿಂತೆ ಇಲ್ಲ ಬಿಡು!"

ನೀನೂ ಬಾ ಅಂತ ಮಾತ್ರ ಯಾರಿಗೂ ಹೊಳೆದಿರಲಿಲ್ಲ.

ಮುಂದಿನ ಶನಿವಾರ ಅವನು ಮತ್ತೆ ಬಂದ.

"ಅವಳು ನನ್ನ ಕಾರ್ಡು ಓದಿದ್ಲಾ?"

"ಓದಿದ್ಲು."

"ಏನಂದ್ಲು?"

"ಏನೂ ಅನ್ಲಿಲ್ಲ. ತುಂಬಾ ಹೊತ್ತು ನಿಂತಿದ್ಲು."

ಅದು ಸುಳ್ಳೇನಲ್ಲ.

ಹೊಸ ಪುಸ್ತಕಗಳ ರಾಶಿ ಮುಂದಿಟ್ಟುಕೊಂಡು ಅವಳು ಪ್ಲಾಸ್ಟಿಕ್ ಹೊದಿಕೆ ಹಾಕುತ್ತಿದ್ದಳು. ಅವನು ಎದುರಿನ ಪುಟ್ಟ ಕುರ್ಚಿಯಲ್ಲಿ, ಮಕ್ಕಳು ಕೂರುವ ಕುರ್ಚಿಯಲ್ಲಿ, ಮೊಣಕಾಲು ಗಲ್ಲಕ್ಕೆ ತಾಗುವಂತೆ ಕೂತು ಕತ್ತರಿ ಎತ್ತಿಕೊಂಡ.

"ನಂಗೆ ಬರುತ್ತೆ. ಕನ್ನಡಕದಂಗಡಿ ಇಟ್ಟಿದ್ದೀನಿ. ದಿನಾ ಗಾಜಿನ ಅಂಚು ತೀಡೋ ಕೈ ಇದು."

"ಕನ್ನಡಕದಂಗಡೀನಾ? ಬರಹಗಾರರು ಅಂದ್ರಲ್ಲ?"

"ಬರಹದಲ್ಲಿ ಊಟ ಹುಟ್ಟುತ್ತಾ? ಕಥೆ ಭಾನುವಾರಕ್ಕೆ."

ಅವಳು ನಕ್ಕಳು. ನಕ್ಕು, ತಾನೇ ಉಶ್ ಅಂದುಕೊಂಡು ಬಾಯಿ ಮುಚ್ಚಿಕೊಂಡಳು.

ಆಮೇಲೆ ಪ್ರತಿ ಶನಿವಾರ ಬಂದ. ಹೊದಿಕೆ ಹಾಕಿದ, ಹರಿದ ಪುಟ ಅಂಟಿಸಿದ, ಮಕ್ಕಳು ತಲೆಕೆಳಗಾಗಿ ಇಟ್ಟುಹೋದ ಪುಸ್ತಕಗಳನ್ನು ಕಪಾಟಿನಲ್ಲಿ ಸರಿಮಾಡಿದ. ಮಾತು ಕಡಿಮೆ. ಮಾತಾಡಿದರೆ ಮಾತ್ರ ಎದೆಯಿಂದಲೇ ಬರುತ್ತಿತ್ತು.

"ನಾನು ಹಾಸ್ಟೆಲ್‌ನಲ್ಲಿ ಬೆಳೆದವ್ನು," ಅಂದ ಒಂದು ದಿನ, ಕತ್ತರಿಯಿಂದ ಕಣ್ಣೆತ್ತದೆ. "ರಜೆ ಬಂದ್ರೆ ಎಲ್ಲರ ಮನೆಯವರೂ ಗೇಟಿಗೆ ಬರೋರು. ನಾನು ಮಹಡಿ ಮೇಲಿಂದ ನೋಡ್ತಾ ಇರ್ತಿದ್ದೆ. ಅದಕ್ಕೇ ಕೊನೇ ಪುಟದಲ್ಲಿ ಎಲ್ಲರೂ ಓಡಿ ಬರ್ತಾರೆ. ನಂಗೆ ಬೇಕಾಗಿತ್ತು, ಬರ್ಕೊಂಡೆ. ಆ ಮಗು ಹಿಡಿದುಬಿಡ್ತು."

ಅವಳಿಗೆ ಅವನ ಕೈ ಹಿಡಿದುಕೊಳ್ಳಬೇಕು ಅನ್ನಿಸಿತು. ಹಿಡಿದಿದ್ದು ಅಂಟಿನ ಬಾಟಲಿ.

"ಆ ಹುಡುಗಿ ಒಬ್ಳೇ ಅನ್ಸುತ್ತೆ ನಂಗೆ," ಅಂದ ಅವನು. "ಜೊತೆಗೆ ಯಾರೂ ಇಲ್ದಿರೋರು ಮಾತ್ರ ಹಾಗೆ ಬರೀತಾರೆ. ನೀವು ನೋಡ್ಕೊಳ್ಳಿ ಅವಳನ್ನ. ನೋಡ್ಕೋತೀರಾ?"

"ಹ್ಞೂಂ... ನೋಡ್ಕೋತೀನಿ."

ಶನಿವಾರ ಬೆಳಗ್ಗೆ ಅವಳು ಎರಡೆರಡು ಸಲ ತಲೆ ಬಾಚಿಕೊಳ್ಳತೊಡಗಿದಳು. ಮೂರನೇ ಸಲ ಬಾಚುವಾಗ ಅಕ್ಕ ಬಂದು ಇಸ್ತ್ರಿ ಪೆಟ್ಟಿಗೆ ತೆಗೆದುಕೊಂಡು ಹೋದಳು. ತಂಗಿಯ ಮುಖ ನೋಡಲಿಲ್ಲ. ನೋಡಿದ್ದರೆ ಎಲ್ಲ ಗೊತ್ತಾಗಿಬಿಡುತ್ತಿತ್ತು!

ತಿಂಗಳ ಮೊದಲ ಶನಿವಾರ ಓದುಗಿಯ ಹೊಸ ಕಾರ್ಡು, ಪುಸ್ತಕದ ನೆಪದಲ್ಲಿ 'ಯಾರೂ ಇಲ್ಲ, ಭಯ ಆಗುತ್ತೆ' ಅಂತ ಒಂದು ಸಾಲು, ಅದರ ಕೆಳಗೆ ಅವನ ಉತ್ತರ. ಹೀಗೇ ನಾಲ್ಕು ತಿಂಗಳಾಯಿತು. ಅವನು ಬಂದ ಕೂಡಲೇ ಕೇಳುವ ಮೊದಲ ಪ್ರಶ್ನೆ ಒಂದೇ. ಆ ಮಗು ಬಂದಿತ್ತಾ? ಹೇಗಿದ್ದಾಳೆ? ಯಾವ ಪುಸ್ತಕ ಒಯ್ದಳು?

ಬರಬರುತ್ತಾ ಅವಳಿಗೆ ಆ ಪ್ರಶ್ನೆ ಚುಚ್ಚತೊಡಗಿತು.

'ಎದುರಿಗೆ ಕೂತಿರೋಳು ನಾನು. ಹೇಗಿದ್ದೀಯಾ ಅಂತ ಒಂದ್ಸಲ ನನ್ನ ಕೇಳಬಾರದಾ? ಇವನಿಗೆ ಬೇಕಾಗಿರೋದು ಆ ಮಗು. ನಾನಲ್ಲ...'

ಪಾಪ, ತಾನೇ ಹುಟ್ಟಿಸಿದ ಮಗುವಿನ ಮೇಲೆ ಹೊಟ್ಟೆಕಿಚ್ಚು!

ಐದನೆಯ ತಿಂಗಳು ಅವನು ಓಡಿಬಂದವನ ಹಾಗೆ ಏದುಸಿರು ಬಿಡುತ್ತಾ ಬಂದ. ಚೀಲದಿಂದ ಹಾಳೆಗಳ ಕಟ್ಟು ತೆಗೆದು ಅವಳ ಮುಂದಿಟ್ಟ.

"ಮುಗೀತು! ಹೊಸ ಪುಸ್ತಕ. ಅಚ್ಚಿಗೆ ಹೋಗಿದೆ. ಮೊದಲ ಹಾಳೆ ನೋಡಿ."

ಮೊದಲ ಹಾಳೆಯಲ್ಲಿ ಒಂದೇ ಸಾಲಿತ್ತು. 'ಪ್ರಶ್ನೆ ಕೇಳಿದ ಒಂಬತ್ತು ವರ್ಷದ ಓದುಗಿಗೆ.'

"ಬಿಡುಗಡೆ ಇಲ್ಲೇ ಮಾಡೋಣ," ಅಂದ. ಅವನ ಕಣ್ಣು ಹೊಳೆಯುತ್ತಿತ್ತು. "ಮೊದಲ ಪುಟ ಅವಳೇ ಓದ್ಬೇಕು. ನಾನು ಪಕ್ಕದಲ್ಲಿ ಕೂತು ಕೇಳ್ತೀನಿ. ಅವಳ ಮನೆಯವರನ್ನ ನೀವು ಒಪ್ಪಿಸ್ತೀರಾ?"

ಹೇಳಿಬಿಡಬೇಕಿತ್ತು. ಆ ಕ್ಷಣ ಬಾಯಿ ಬಿಟ್ಟಿದ್ದರೆ ಅರ್ಧ ದುಃಖ ಅಲ್ಲಿಗೇ ಮುಗಿಯುತ್ತಿತ್ತು. ಆದರೆ ಐದು ತಿಂಗಳ ಶನಿವಾರಗಳೆಲ್ಲ ಅವಳ ಕಣ್ಣ ಮುಂದೆ ಬಂದು ನಿಂತವು. ಹೇಳಿದರೆ ಅವೂ ಹೋಗುತ್ತವೆ. ಮತ್ತೆ ಅದೇ ಅಂಟಿನ ಬಾಟಲಿ, ಅದೇ ಒಂಟಿತನ...

"ಕೇಳಿ ನೋಡ್ತೀನಿ," ಅಂದಳು.

ಮರುದಿನ ಎಡಗೈಯಲ್ಲಿ ಬರೆದಳು. 'ನಾವು ಈ ಊರು ಬಿಟ್ಟು ಹೋಗ್ತಾ ಇದೀವಿ. ಇನ್ನು ಬರೋಕಾಗಲ್ಲ. ಪುಸ್ತಕಕ್ಕೆ ಥ್ಯಾಂಕ್ಸ್. ಓದುಗಿ, 9 ವರ್ಷ.' ಎಂಟು ವರ್ಷ ತನ್ನ ಪರವಾಗಿ ಮಾತಾಡಿದ ಹುಡುಗಿಯನ್ನು ನಾಲ್ಕೇ ಸಾಲಿನಲ್ಲಿ ಊರು ಬಿಡಿಸಿದಳು. ಕಾರ್ಡನ್ನು ಬೋರ್ಡಿಗೆ ಸಿಕ್ಕಿಸಿದಳು.

ಶನಿವಾರ ಅವನು ಆ ಕಾರ್ಡಿನ ಮುಂದೆ ನಿಂತ. ನಿಂತೇ ಇದ್ದ.

"ಯಾವ ಊರಿಗೆ?" ಅಂದ.

"ಗೊತ್ತಿಲ್ಲ."

"ನಿಮ್ಮಲ್ಲಿ ವಿಳಾಸ ಇರುತ್ತಲ್ಲ? ಕೊಡಬೇಡಿ, ನೀವೇ ಕಳಿಸಿ. ಪುಸ್ತಕ ಅವಳಿಗೆ ಮುಟ್ಟಿದ್ರೆ ಸಾಕು."

"ಅದು... ನಿಯಮ..."

"ಏನು ನಿಯಮಾರೀ! ಒಂದು ಮಗು ಹೇಳದೆ ಕೇಳದೆ ಹೋಗ್ಬಿಟ್ಟಿದೆ. ನಿಮಗೇನೂ ಅನ್ಸಲ್ವಾ?"

ಅವನ ದನಿ ಕೇಳಿ ಒಳಗಿನ ಕೋಣೆಯಿಂದ ಹಿರಿಯ ಗ್ರಂಥಪಾಲಕರು ಕನ್ನಡಕ ಹಣೆಗೇರಿಸಿಕೊಂಡು ಬಂದರು. ಇನ್ನೆರಡು ವರ್ಷಕ್ಕೆ ನಿವೃತ್ತಿ, ಮನಸ್ಸಿನಲ್ಲಿ ಕಪಟ ಇಲ್ಲ, ಬಾಯಿಗೆ ಬಾಗಿಲೂ ಇಲ್ಲ.

"ಏನು ಗಲಾಟೆ?"

"ಸರ್, ಈ ಕಾರ್ಡು ಬರೆಯೋ ಹುಡುಗಿ..."

"ಯಾವುದು, ಒಂಬತ್ತು ವರ್ಷದ್ದಾ?" ಸರ್ ಹೊಟ್ಟೆ ಕುಲುಕಿಸಿ ನಕ್ಕರು. "ಅಯ್ಯೋ, ಅದು ನಮ್ಮ ಮೇಡಮ್ಮೇ ಅಲ್ವಾ! ಎಡಗೈಲಿ ಬರೀತಾರೆ. ಎಂಟು ವರ್ಷದಿಂದ ನೋಡ್ತಾ ಇದೀನಿ. ಬೋರ್ಡು ಖಾಲಿ ಇರಬಾರ್ದು ಅಂತ ಪಾಪ. ನಿಮಗೆ ಹೇಳಿಲ್ವಾ?"

ಅವನು ನಿಧಾನವಾಗಿ ಅವಳ ಕಡೆ ತಿರುಗಿದ. ಅವಳು ತಲೆ ತಗ್ಗಿಸಿದಳು. ಉತ್ತರ ಅಲ್ಲೇ ಇತ್ತು.

"ನಗ್ತಾ ಇದ್ರಾ?" ಅಂದ ಮೆಲ್ಲಗೆ. "ನಾನು ಅವಳನ್ನ ಕೇಳ್ದಾಗೆಲ್ಲ... ಒಳಗೊಳಗೇ ನಗ್ತಾ ಇದ್ರಾ?"

ಅಲ್ಲ ಅನ್ನಲು ಬಾಯಿ ತೆರೆದಳು. ಅಷ್ಟರಲ್ಲಿ ಅವನು ಬಾಗಿಲು ದಾಟಿಯಾಗಿತ್ತು.

ಸರ್ ಬೋರ್ಡು ನೋಡಿದರು, ಅವಳನ್ನು ನೋಡಿದರು. "ನಾನೇನಾದ್ರೂ... ತಪ್ಪು ಮಾತಾಡಿದ್ನಾ?"

ಮುಂದಿನ ಶನಿವಾರ ಅವನು ಬರಲಿಲ್ಲ. ಅದರ ಮುಂದಿನ ಶನಿವಾರವೂ ಇಲ್ಲ. ಪುಟ್ಟ ಕುರ್ಚಿಯಲ್ಲಿ ಯಾವುದೋ ಮಗು ಬಂದು ಕೂತಾಗ, 'ಅಲ್ಲಿ ಬೇಡ ಪುಟ್ಟಾ' ಅನ್ನಲು ಹೋಗಿ ನಾಲಿಗೆ ಕಚ್ಚಿಕೊಂಡಳು. ಮನೆಯಲ್ಲಿ ಊಟಕ್ಕೆ ಕೂತರೆ ತುತ್ತು ಇಳಿಯುತ್ತಿರಲಿಲ್ಲ. "ಉಪ್ಪು ಕಮ್ಮಿ ಆಯ್ತಾ?" ಅಂದಳು ಅಕ್ಕ. "ಇಲ್ಲ, ಸರಿಯಾಗಿದೆ," ಅಂದಳು ಅವಳು. ಅಲ್ಲಿಗೆ ಆ ಮಾತು ಮುಗಿಯಿತು.

ಹೊದಿಕೆ ಹಾಕುವಾಗ ಎರಡನೇ ಕತ್ತರಿ ಮೇಜಿನ ಮೇಲೆ ಸುಮ್ಮನೆ ಬಿದ್ದಿರುತ್ತಿತ್ತು. ಒಂಟಿತನ ಅವಳಿಗೆ ಹೊಸದಲ್ಲ. ಆದರೆ ಮೊದಲು ಅದಕ್ಕೆ ಮುಖ ಇರಲಿಲ್ಲ, ಈಗ ಇತ್ತು.

ಬುಧವಾರ ಸರ್ ಬಂದು ಕೆಮ್ಮಿದರು.

"ಆ ಲೇಖಕರು ಫೋನ್ ಮಾಡಿದ್ರು. ಬಿಡುಗಡೆ ಬೇಡವಂತೆ. ಶನಿವಾರದ ಕಾರ್ಯಕ್ರಮ ರದ್ದು ಮಾಡಿ ಅಂದ್ರು. ಮೂವತ್ತೆರಡು ಮಕ್ಕಳು ಹೆಸರು ಬರೆಸಿದ್ದಾರೆ... ಏನು ಹೇಳೋಣ ಅವಕ್ಕೆ?"

ಈ ಸಲ ಮೂವತ್ತೆರಡು! ಅವಳು ಶಾಲೆಯಿಂದ ಶಾಲೆಗೆ ನಡೆದು, ತರಗತಿಯಿಂದ ತರಗತಿಗೆ ಹೋಗಿ, ಅವನ ಮೊದಲ ಪುಸ್ತಕ ಓದಿ ಹೇಳಿ ಬರೆಸಿಕೊಂಡ ಹೆಸರುಗಳು. ಇನ್ನೊಂದು ಸಲ ಅವನು ಖಾಲಿ ಕುರ್ಚಿಗಳ ಮುಂದೆ ಕೂರಬಾರದು ಅಂತ.

"ನಾನೇ ಹೋಗಿ ಮಾತಾಡ್ತೀನಿ ಸರ್," ಅಂದಳು. "ಮಧ್ಯಾಹ್ನ ರಜೆ ಬೇಕು."

ಹನ್ನೊಂದು ವರ್ಷದ ಕೆಲಸದಲ್ಲಿ ಅವಳು ಅರ್ಧ ದಿನದ ರಜೆ ಕೇಳಿದ್ದು ಅದೇ ಮೊದಲು. ಸರ್ ಕನ್ನಡಕ ಹಣೆಯಿಂದ ಮೂಗಿಗೆ ಇಳಿಸಿ ಅವಳನ್ನೇ ನೋಡಿದರು.

ಅವನ ಕನ್ನಡಕದಂಗಡಿಗೆ ಎರಡು ಬಸ್ಸು ಬದಲಾಯಿಸಿ ಹೋಗಬೇಕಿತ್ತು. ಅಂಗಡಿ ಚಿಕ್ಕದು. ಗೋಡೆ ತುಂಬ ಕಣ್ಣಿಲ್ಲದ ಕನ್ನಡಕಗಳು. ಅವನು ಒಬ್ಬ ಅಜ್ಜಿಯ ಮೂಗಿನ ಮೇಲೆ ಹೊಸ ಕನ್ನಡಕ ಕೂರಿಸಿ ಕಿವಿಯ ಹತ್ತಿರ ಕಡ್ಡಿ ಬಾಗಿಸುತ್ತಿದ್ದ. ಅವಳನ್ನು ಕಂಡು ಕೈ ನಿಂತಿತು.

"ಏನು ಬೇಕಿತ್ತು?" ಅಂದ, ಗಿರಾಕಿಯನ್ನು ಕೇಳುವ ಹಾಗೆ.

"ಬಯ್ಯೋದಿದ್ರೆ ನನ್ನ ಬಯ್ರಿ," ಅಂದಳು ಒಂದೇ ಉಸಿರಿಗೆ. "ಮಕ್ಕಳೇನು ಮಾಡಿದ್ರು? ಮೂವತ್ತೆರಡು ಜನ ಕಾಯ್ತಾ ಇದಾರೆ. ಶನಿವಾರ ಬನ್ನಿ. ನಾನು ಅವತ್ತು ಬರಲ್ಲ ಬೇಕಾದ್ರೆ."

"ನೀವು ಬರದೆ?"

"ಹ್ಞೂಂ. ನನ್ನ ಮುಖ ನೋಡೋದು ಬೇಡ."

ಅಜ್ಜಿ ಹೊಸ ಕನ್ನಡಕದಲ್ಲಿ ಇಬ್ಬರನ್ನೂ ನೋಡಿದರು. "ನಾನು ಹೋಗ್ಲೇನಪ್ಪಾ, ಇರ್ಲೇನು?"

"ಇರಿ ಅಜ್ಜಿ. ಒಂದು ಕಡ್ಡಿ ಇನ್ನೂ ಸಡಿಲ ಇದೆ," ಅಂದ ಅವನು. ಆದರೆ ಕೈ ಕನ್ನಡಕದ ಮೇಲೆ ಇರಲಿಲ್ಲ.

ಅವಳು ಬಾಗಿಲ ಕಡೆ ತಿರುಗಿದಳು. ಎರಡು ಹೆಜ್ಜೆ ಹೋಗಿ ನಿಂತಳು. ಈಗ ಹೇಳದಿದ್ದರೆ ಈ ಜನ್ಮದಲ್ಲಿ ಹೇಳುವುದಿಲ್ಲ ಅಂತ ಅವಳಿಗೆ ಗೊತ್ತಿತ್ತು.

"ನಾನು ನಗ್ಲಿಲ್ಲ. ಒಂದ್ಸಲಾನೂ ನಗ್ಲಿಲ್ಲ. ನಿಮ್ಮ ಕಾರ್ಡು ಬಂದಾಗೆಲ್ಲ ಅತ್ತಿದೀನಿ. ಅಲ್ಲಿ ಬರೆದಿದ್ದೆಲ್ಲ ನಿಜ. ಯಾರೂ ಇಲ್ಲ ಅಂತ ಬರೆದಿದ್ದು ನಿಜ. ಭಯ ಆಗುತ್ತೆ ಅಂತ ಬರೆದಿದ್ದೂ ನಿಜ. ಸುಳ್ಳು ಅಂದ್ರೆ ವಯಸ್ಸು ಒಂದೇ. ನಂಗೆ ಒಂಬತ್ತಲ್ಲ, ಮೂವತ್ನಾಲ್ಕು..."

ಅವನು ಮೇಜಿನ ಈಚೆ ಬಂದ.

"ಅವತ್ತು ನಗ್ತಾ ಇದ್ರಾ ಅಂತ ಕೇಳಿದ್ದು ಸಿಟ್ಟಿಗೆ. ಮನೆಗೆ ಹೋಗಿ ಎಲ್ಲಾ ಕಾರ್ಡು ನೆನಪು ಮಾಡ್ಕೊಂಡೆ. ನಗೋರು ಹಾಗೆ ಬರಿಯಲ್ಲ. ಆಮೇಲೆ ಇನ್ನೊಂದಕ್ಕೆ ಸಿಟ್ಟು ಬಂತು, ಅದು ಇನ್ನೂ ಇಳಿದಿಲ್ಲ."

"ಯಾವುದಕ್ಕೆ?"

"ನೋಡ್ಕೊಳ್ಳಿ ಅಂದೆ ಅವಳನ್ನ. ನೋಡ್ಕೋತೀನಿ ಅಂದ್ರಿ. ಎಲ್ರೀ ನೋಡ್ಕೊಂಡ್ರಿ? ಬಾಯಿ ಮುಚ್ಚಿಸಿ ಊರು ಬಿಡಿಸಿಬಿಟ್ರಲ್ಲ!"

ಅವಳು ಮುಖ ಮುಚ್ಚಿಕೊಂಡಳು. "ಹೊಟ್ಟೆಕಿಚ್ಚು ಬಂತು."

"ಯಾರ ಮೇಲೆ?"

"ಅವಳ ಮೇಲೆ! ಬಂದ ಕೂಡಲೇ ಅವಳನ್ನೇ ಕೇಳೋರು ನೀವು. ನೀವು ಬರ್ತಾ ಇದ್ದಿದ್ದೇ ಅವಳ ಕಾರ್ಡಿಗೆ. ನಂಗೋಸ್ಕರ ಒಂದಿನಾನೂ ಬರ್ಲಿಲ್ಲ."

ಅವನು ಬೆಪ್ಪಾಗಿ ನಿಂತ. ಆಮೇಲೆ ಅವನ ಮುಖದಲ್ಲಿ ನಗು ಮೂಡಿತು. ಇಷ್ಟು ದಿನದಲ್ಲಿ ಅವಳು ನೋಡಿರದ ನಗು.

"ಮೇಡಂ... ಕಾರ್ಡು ಬದಲಾಗೋದು ಎಷ್ಟು ದಿನಕ್ಕೆ?"

"ತಿಂಗಳಿಗೊಂದ್ಸಲ."

"ನಾನು ಬರ್ತಾ ಇದ್ದಿದ್ದು?"

"ವಾರ ವಾರ..."

ಹೇಳಿದ ಮೇಲೆ ಅವಳಿಗೆ ಹೊಳೆಯಿತು. ಕೈ ಮುಖದಿಂದ ಜಾರಿತು.

"ಮಿಕ್ಕ ಮೂರು ಶನಿವಾರ ಎರಡು ಬಸ್ಸು ಹಿಡಿದು ಪ್ಲಾಸ್ಟಿಕ್ ಕತ್ತರಿಸೋಕೆ ಬರ್ತಿದ್ನಾ ನಾನು? ನಿಮ್ಮ ಹತ್ರ ಮಾತು ಶುರು ಮಾಡೋಕೆ ನಂಗೆ ಗೊತ್ತಿದ್ದಿದ್ದು ಆ ಮಗು ಒಂದೇ. ಬೇರೆ ಏನು ಕೇಳ್ಬೇಕೋ ಹೆದರಿಕೆ ಆಗ್ತಿತ್ತು."

"ಅಯ್ಯೋ ದೇವರೇ," ಅಂದರು ಅಜ್ಜಿ, "ಈ ಕನ್ನಡಕ ಇಲ್ದೇನೇ ನಂಗೆ ಕಾಣಿಸ್ತಿತ್ತಲ್ಲಪ್ಪಾ ಇದು!" ಸಡಿಲವಾದ ಕಡ್ಡಿಯನ್ನು ತಾವೇ ಒತ್ತಿಕೊಂಡು, ನಾಳೆ ಬರುತ್ತೇನೆ ಅಂತ ಹೇಳಿ ಮೆಟ್ಟಿಲಿಳಿದರು.

ಅಂಗಡಿಯಲ್ಲಿ ಇಬ್ಬರೇ ಉಳಿದರು. ಅವಳು ಅಳುತ್ತಲೂ ಇದ್ದಳು, ನಗುತ್ತಲೂ ಇದ್ದಳು. ಅವನು ಕನ್ನಡಕ ಒರೆಸುವ ಮೆತ್ತನೆ ಬಟ್ಟೆ ಚಾಚಿದ. ಬಟ್ಟೆ ಕೊಟ್ಟ ಕೈಯನ್ನು ವಾಪಸ್ ತೆಗೆದುಕೊಳ್ಳಲಿಲ್ಲ. ಅವಳೂ ಬಿಡಲಿಲ್ಲ.

"ಶನಿವಾರ ಬರ್ತೀನಿ," ಅಂದ. "ನೀವೂ ಇರ್ಬೇಕು. ಮೊದಲ ಪುಟ ನೀವೇ ಓದ್ಬೇಕು."

"ಮಕ್ಕಳು ನಗ್ತಾರೆ."

"ನಗ್ಲಿ."

ಹೊರಗೆ ಬಿಸಿಲು ಇಳಿಯುತ್ತಿತ್ತು. ಅವಳು ಸೆರಗಿನ ಅಂಚು ಸರಿಮಾಡಿಕೊಂಡು ಹೊರಡಲು ಅನುವಾದಳು.

"ಮನೇಲಿ ಕಾಯ್ತಾ ಇರ್ತಾರಾ?" ಅಂದ.

"ಇಲ್ಲ. ನಾನು ಬಂದಿದ್ದೂ ಗೊತ್ತಾಗಲ್ಲ, ಬರದೇ ಇದ್ದಿದ್ದೂ ಗೊತ್ತಾಗಲ್ಲ." ಅದನ್ನು ಅವಳು ದೂರಿನ ಹಾಗೆ ಹೇಳಲಿಲ್ಲ, ಇದ್ದದ್ದನ್ನು ಹೇಳಿದಳು. ಅವನಿಗೆ ಅದರಿಂದಲೇ ಹೆಚ್ಚು ನೋವಾಯಿತು.

"ಮನೆ ಮುಟ್ಟಿದ ಕೂಡಲೇ ನಂಗೆ ಫೋನ್ ಮಾಡಿ."

"ಯಾಕೆ?"

"ಮುಟ್ಟಿದ್ರಿ ಅಂತ ಒಬ್ಬರಿಗಾದ್ರೂ ಗೊತ್ತಿರ್ಬೇಕು."

ಅವಳ ಕಣ್ಣು ಮತ್ತೆ ತುಂಬಿತು. "ಇವತ್ತೊಂದಿನಾನಾ?"

"ದಿನಾ."

"ದಿನಾ ಫೋನ್ ಮಾಡಿದ್ರೆ ಬೇಜಾರಾಗಲ್ವಾ?"

"ಆಗ್ಬಹುದು," ಅಂದ ಅವನು, ಅವಳ ಕೈಯನ್ನು ಇನ್ನಷ್ಟು ಬಿಗಿಯಾಗಿ ಹಿಡಿದು. "ಇಬ್ಬರೂ ಒಂದೇ ಮನೆ ಮುಟ್ಟೋ ಹಾಗಾದ್ರೆ ಫೋನೇ ಬೇಕಾಗಲ್ಲ."

ಅವಳು ಆ ಕೈಯನ್ನೇ ನೋಡಿದಳು. ಆಮೇಲೆ ಮೆಲ್ಲಗೆ ಅಂದಳು, "ಆಗ್ಲೂ ಕೇಳ್ಬೇಕು. ಬಂದ್ಯಾ ಅಂತ."

"ಕೇಳ್ತೀನಿ."